ಯಾವ ಕೆಲಸಕ್ಕೆ ಬಾರದ ಬಂದೂಕು?



ಕಳೆದ ನವೆಂಬರಿನಲ್ಲಿ 26/11ರ ನೆನಪಿನ ಕಾರ್ಯಕ್ರಮ ನಡೆಸುತ್ತಾ ಮೈಕಿನ ಮುಂದೆ ನಾನೊಂದು ಮಾತು ಆಡಿಬಿಟ್ಟೆ. “ಅಂದು ಸಿ.ಎಸ್.ಟಿ.ಯಲ್ಲಿ ನಮ್ಮ ಪೊಲೀಸರ ಕೈಯಲ್ಲಿದ್ದದ್ದು ಕೆಲಸಕ್ಕೆ ಬಾರದ ಹಳೇ ಬಂದೂಕು” ಎಂದು. ಬರೆದುಕೊಂಡ ಮಾತಲ್ಲ, ಬಾಯಿಗೆ ಬಂದದ್ದು. ಹಾಡು ಹಾಕಿ ನೀರು ಕುಡಿಯುವಷ್ಟರಲ್ಲಿ ಸ್ಟುಡಿಯೋದ ಫೋನು ಬಡಿದುಕೊಂಡಿತು. ಮಾತಾಡಿದವರು ಬೊರಿವಲಿ ಪೂರ್ವದ ಹಿರಿಯ ಕೇಳುಗರು. ಮಡಿಕೇರಿ ಕಡೆಯವರು, ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾಗಿ ಈಗ ಮಗಳ ಮನೆಯಲ್ಲಿದ್ದಾರೆ.

“ಕೆಲಸಕ್ಕೆ ಬಾರದ್ದು ಅಂದಿರಲ್ಲಮ್ಮಾ, ಯಾವ ಕೆಲಸಕ್ಕೆ ಅಂತ ಹೇಳಲೇ ಇಲ್ಲ” ಎಂದರು. ಅಷ್ಟೇ. ಸಿಟ್ಟಿನಲ್ಲೇನೂ ಇರಲಿಲ್ಲ. ಅದಕ್ಕೇ ಆ ಮಾತು ರಾತ್ರಿಯಿಡೀ ಕೊರೆಯಿತು.

ನಾನೂ ಬೊರಿವಲಿಯವಳೇ. ಸ್ಟೇಷನ್ನಿನ ಸೇತುವೆ ಇಳಿಯುವಲ್ಲಿ ಹಿಂದೆಲ್ಲ ಆ ಬಂದೂಕು ಹಿಡಿದು ಕುರ್ಚಿಯಲ್ಲಿ ಕೂತ ಪೇದೆಯನ್ನು ದಿನಾ ನೋಡುತ್ತಿದ್ದೆವು. ಆಳೆತ್ತರದ ಮುಕ್ಕಾಲು ಪಾಲು ಬರುವ ಬಂದೂಕು, ಮೈಯೆಲ್ಲ ಮರ, ಬಟ್ಟಿಗೆ ಹಿತ್ತಾಳೆಯ ತಗಡು. ಕೆಲವರು ಅದನ್ನು ಸರಪಳಿಯಿಂದ ಸೊಂಟದ ಬೆಲ್ಟಿಗೆ ಬಿಗಿದುಕೊಂಡಿರುತ್ತಿದ್ದರು, ಯಾರೂ ಕಿತ್ತುಕೊಂಡು ಓಡದಿರಲೆಂದು. ಅದಕ್ಕೂ ಮೊದಲೇ ನನಗೆ ಅದರ ಪರಿಚಯವಿತ್ತು. ಬಿ.ಎ. ಓದುವಾಗ ಎನ್.ಸಿ.ಸಿ.ಯಲ್ಲಿ ಗುಂಡು ಹಾರದಂತೆ ಮಾಡಿದ ಇದೇ ‘ತ್ರೀ ನಾಟ್ ತ್ರೀ’ಯನ್ನು ಹೆಗಲ ಮೇಲಿಟ್ಟು ಬಿಸಿಲಲ್ಲಿ ಕವಾಯತು ಮಾಡಿದ್ದೇನೆ. ಸುಮಾರು 4 ಕಿಲೋ ಭಾರ. ಇಷ್ಟೊಂದು ಮರ ಏಕೆ, ಈ ಕೊಕ್ಕೆ ಏಕೆ, ಈ ಚಿಕ್ಕ ಬಾಗಿಲು ಏಕೆ ಎಂದು ಆಗ ಕೇಳುವ ಧೈರ್ಯವಿರಲಿಲ್ಲ. ಕೇಳಿದರೆ ಮೈದಾನಕ್ಕೆ ಇನ್ನೊಂದು ಸುತ್ತು.

ಮುಂದಿನ ಭಾನುವಾರ ಸುಬೇದಾರ್ ಸಾಹೇಬರ ಮನೆಗೆ ಹೋದೆ. ಕೊಡಗಿನ ಕಾಫಿ ಆಯಿತು. ತೋರಿಸಲು ಬಂದೂಕಿಲ್ಲ, ನ್ಯಾಷನಲ್ ಪಾರ್ಕಿಗೆ ವಾಕಿಂಗ್ ಹೋಗುವಾಗ ಊರುಗೋಲಾಗುವ ಉದ್ದ ಕೊಡೆಯೊಂದಿತ್ತು. ಅಂದಿನ ಪಾಠವೆಲ್ಲ ಆ ಕೊಡೆಯ ಮೇಲೇ ನಡೆಯಿತು. ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಹೆಸರು. 0.303 ಇಂಚು ಎಂದರೆ ನಳಿಗೆಯ ಒಳ ಅಳತೆ, ಸುಮಾರು 7.7 ಮಿಲಿಮೀಟರ್. ಬಂದೂಕಿನ ನಿಜನಾಮ ಲೀ-ಎನ್‌ಫೀಲ್ಡ್. ಜೇಮ್ಸ್ ಪ್ಯಾರಿಸ್ ಲೀ ಎಂಬಾತ ಅದರ ಬೋಲ್ಟು ಮತ್ತು ಮ್ಯಾಗಜಿನ್ನಿನ ರೂವಾರಿ. ಎನ್‌ಫೀಲ್ಡ್ ಲಂಡನ್ನಿನ ಉತ್ತರಕ್ಕಿರುವ ಕಾರ್ಖಾನೆಯ ಊರು. 1895ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂತು. ನಾವು ನೋಡಿದ ಮೋಟು ಮಾದರಿ ರೂಪುಗೊಂಡದ್ದು 1907ರ ಹೊತ್ತಿಗೆ. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ಇದೇ ಮಾದರಿಯನ್ನು ಸ್ವಾತಂತ್ರ್ಯ ಬಂದ ಮೇಲೂ ತಯಾರಿಸಿದರು.

ಬೋಲ್ಟ್ ಎಂದರೆ ಏನೆಂದು ತಿಳಿಯಲು ಸೈನ್ಯಕ್ಕೆ ಸೇರಬೇಕಾಗಿಲ್ಲ, ಬಚ್ಚಲುಮನೆಯ ಬಾಗಿಲ ಚಿಲಕ ನೋಡಿದರೆ ಸಾಕು. ಹಿಡಿಯನ್ನು ಮೇಲೆತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಕೆಳಗೆ ಒತ್ತಿದರೆ ಭದ್ರ. ಹಿಂದಕ್ಕೆ ಎಳೆದಾಗ ಸುಟ್ಟ ತೋಟಾದ ಖಾಲಿ ಚಿಪ್ಪು ಹೊರಗೆ ಹಾರುತ್ತದೆ. ಮುಂದಕ್ಕೆ ತಳ್ಳಿದಾಗ ಮ್ಯಾಗಜಿನ್ನಿನಿಂದ ಹೊಸ ತೋಟಾ ನಳಿಗೆಗೆ ಹೋಗುತ್ತದೆ. ಕೆಳಗೆ ಒತ್ತಿದಾಗ ಬಾಗಿಲು ಭದ್ರ. ಪ್ರತಿ ಗುಂಡಿಗೂ ಇಷ್ಟು ಕೆಲಸ ಕೈಯಿಂದಲೇ ಆಗಬೇಕು.

ಇಲ್ಲಿ ಲೀ ಮಾಡಿದ ಜಾಣತನ ನೋಡಿ. ಜರ್ಮನ್ ಮೌಸರ್ ಬಂದೂಕಿನಲ್ಲಿ ಬೋಲ್ಟನ್ನು ಹಿಡಿದಿಡುವ ಹಲ್ಲುಗಳು ಅದರ ಮುಂತುದಿಯಲ್ಲಿವೆ. ಲೀಯ ಬೋಲ್ಟಿನಲ್ಲಿ ಅವು ಹಿಂದಿವೆ. ಹಾಗಾಗಿ ಬೋಲ್ಟನ್ನು ಅಷ್ಟು ದೂರ ಎಳೆಯಬೇಕಿಲ್ಲ. ಮೇಲೆತ್ತುವುದೂ ಕಮ್ಮಿ, ಮೌಸರಿಗೆ 90 ಡಿಗ್ರಿಯಾದರೆ ಇದಕ್ಕೆ ಸುಮಾರು 60. ಇನ್ನೊಂದು ವ್ಯತ್ಯಾಸ: ಒಳಗಿನ ಸ್ಪ್ರಿಂಗು ಬಿಗಿಯಾಗುವುದು ಹಿಡಿಯನ್ನು ಎತ್ತುವಾಗಲ್ಲ, ಬೋಲ್ಟನ್ನು ಮುಂದಕ್ಕೆ ತಳ್ಳುವಾಗ. ಗುಂಡಿನ ಮೇಲೆ ಗುಂಡು ಹೊಡೆದು ನಳಿಗೆ ಕಾದಾಗ ಖಾಲಿ ಚಿಪ್ಪು ಒಳಗೇ ಕಚ್ಚಿಕೊಳ್ಳುತ್ತದೆ. ಆಗ ಎತ್ತುವ ಕೈಯ ಬಲವೆಲ್ಲ ಚಿಪ್ಪು ಬಿಡಿಸಲಿಕ್ಕೇ ಸಿಗಲಿ, ಸ್ಪ್ರಿಂಗಿನ ಜೊತೆ ಗುದ್ದಾಟ ಬೇಡ. ತಳ್ಳುವಾಗಲಾದರೋ ಇಡೀ ತೋಳಿನ ಬಲ ಇರುತ್ತದೆ. ಹಿಡಿಯ ಗುಂಡನ್ನು ಟ್ರಿಗರಿನ ಹತ್ತಿರಕ್ಕೇ ಬಾಗಿಸಿದ್ದೂ ಇದಕ್ಕಾಗಿ, ಕೈ ದೂರ ಹೋಗಬಾರದು. “ಹೆಬ್ಬೆರಳು, ತೋರುಬೆರಳು ಬೋಲ್ಟಿನ ಮೇಲೆ. ನಡುಬೆರಳಲ್ಲೇ ಟ್ರಿಗರ್ ಎಳೆಯುವವರೂ ಇದ್ದರು” ಎಂದು ಸುಬೇದಾರರು ಕೊಡೆಯ ಹಿಡಿಯ ಮೇಲೆ ಬೆರಳಾಡಿಸಿ ತೋರಿಸಿದರು. ಮೊದಲ ಮಹಾಯುದ್ಧಕ್ಕೆ ಮುಂಚಿನ ಬ್ರಿಟಿಷ್ ಸಿಪಾಯಿ ಒಂದು ನಿಮಿಷದಲ್ಲಿ 15 ಗುರಿಯಿಟ್ಟ ಗುಂಡು ಹೊಡೆಯಲು ಅಭ್ಯಾಸ ಮಾಡುತ್ತಿದ್ದ. ಅಷ್ಟು ಬೇಗ ಅನ್ನುವುದು ಬಂದೂಕಿನ ಗುಣವೂ ಹೌದು, ಅಭ್ಯಾಸದ ಫಲವೂ ಹೌದು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಹಿಂದೆ ಹಲ್ಲಿಟ್ಟದ್ದಕ್ಕೆ ಬೆಲೆ ತೆರಬೇಕಿತ್ತು. ಸ್ಫೋಟದ ಒತ್ತಡಕ್ಕೆ ಬೋಲ್ಟು ಇಡೀ ಉದ್ದಕ್ಕೂ ಕೂದಲೆಳೆಯಷ್ಟು ಬಳುಕುತ್ತದೆ. ಪ್ರತಿ ಬೋಲ್ಟನ್ನು ಅದರದೇ ಬಂದೂಕಿಗೆ ಹೊಂದಿಸಿ ಕೂರಿಸಬೇಕು. ಬೋಲ್ಟಿನ ಮೇಲೂ ಬಂದೂಕಿನ ಮೈಮೇಲೂ ಒಂದೇ ನಂಬರು ಕೆತ್ತಿರುವುದು ಅದಕ್ಕೇ. ಅದಲುಬದಲಾದರೆ ಅಪಾಯ.

ಇನ್ನು ಆ ಮರ. ನಳಿಗೆಯ ತುದಿಯವರೆಗೂ, ಮೇಲೂ ಕೆಳಗೂ ಮರ. ಬೇಟೆಯ ಬಂದೂಕಿಗೆ ಇಷ್ಟು ಮರ ಇರುವುದಿಲ್ಲ, ಏಕೆಂದರೆ ಬೇಟೆಗಾರ ದಿನಕ್ಕೆ ಎರಡು ಗುಂಡು ಹೊಡೆದರೆ ಹೆಚ್ಚು. ನಿಮಿಷಕ್ಕೆ 15 ಹೊಡೆದರೆ ನಳಿಗೆ ದೋಸೆ ಹೆಂಚಿನಂತೆ ಕಾಯುತ್ತದೆ. ಎಡಗೈ ಎಲ್ಲಿ ಇಡುವುದು? ಕಾದ ನಳಿಗೆಯ ಮೇಲೆ ಗಾಳಿ ತೇಲಾಡಿ ಗುರಿ ನಡುಗಿದ ಹಾಗೆ ಕಾಣುತ್ತದೆ, ಮೇಲಿನ ಮರ ಅದನ್ನೂ ತಡೆಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬಯೊನೆಟ್. ತೋಟಾ ಮುಗಿದರೆ ಬಂದೂಕು ಈಟಿಯಾಗಬೇಕು. ಈಟಿಯ ಯಾವ ಭಾಗವನ್ನು ಬೇಕಾದರೂ ಬಿಗಿಯಾಗಿ ಹಿಡಿಯಲು ಬರಬೇಕು, ಎದುರಾಳಿಯ ಏಟನ್ನು ಅದರಿಂದಲೇ ತಡೆಯಬೇಕು. ಬರೀ ನಳಿಗೆಯಿಂದ ಅದು ಆಗದ ಮಾತು.

ಬಯೊನೆಟ್ಟಿನದೇ ಒಂದು ಕಥೆ. ಮೊದಲು ಪದಾತಿಗೆ ಉದ್ದ ಬಂದೂಕು, ಕುದುರೆ ಸವಾರನಿಗೆ ಗಿಡ್ಡದು ಎಂಬ ಎರಡು ಪಂಕ್ತಿ ಇತ್ತು. ದಕ್ಷಿಣ ಆಫ್ರಿಕಾದಲ್ಲಿ 1899ರಿಂದ 1902ರವರೆಗೆ ಬೋಯರ್ ರೈತರ ಜೊತೆ ಕಾದಾಡಿ ಪೆಟ್ಟು ತಿಂದ ಬ್ರಿಟಿಷರು ಇಬ್ಬರಿಗೂ ಒಂದೇ ಬಂದೂಕು ಸಾಕೆಂದು ನಳಿಗೆಯನ್ನು 30 ಇಂಚಿನಿಂದ 25ಕ್ಕೆ ಇಳಿಸಿದರು. ಆಗಿನ್ನೂ ಕುದುರೆ ಸೇನೆ ಬದುಕಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ನುಗ್ಗಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದದ್ದು ನಿಮಗೆ ಗೊತ್ತೇ ಇದೆ. ಆದರೆ ಬಂದೂಕು ಗಿಡ್ಡವಾದರೆ ಈಟಿಯೂ ಗಿಡ್ಡ. ಉದ್ದ ಬಂದೂಕಿನ ವೈರಿ ಮೊದಲೇ ತಿವಿದುಬಿಟ್ಟರೆ? ಕಳೆದುಕೊಂಡ ಇಂಚುಗಳನ್ನು ಚೂರಿಯಲ್ಲಿ ತುಂಬಿಸಿದರು. 1907ರ ಬಯೊನೆಟ್ಟಿನ ಅಲಗು 17 ಇಂಚು, ಅದು ಚೂರಿಯಲ್ಲ, ಖಡ್ಗ. ಮುಂದೆ ಭಾರತದಲ್ಲಿ ಅದನ್ನು 12 ಇಂಚಿಗೆ ಇಳಿಸಿದರು.

ಅಷ್ಟು ಭಾರದ ಖಡ್ಗವನ್ನು ನಳಿಗೆಗೇ ಕಟ್ಟಿದರೆ ಗುಂಡು ಗುರಿ ತಪ್ಪುತ್ತದೆ. ಹಾಗಾಗಿ ಮರದ ತುದಿಗೊಂದು ಕಬ್ಬಿಣದ ಮೂತಿ ಹಾಕಿ ಭಾರವೆಲ್ಲ ಅದರ ಮೇಲೆ ಬೀಳುವಂತೆ ಮಾಡಿದರು. ಈ ಬಂದೂಕಿಗೆ ಮೊಂಡು ಮೂಗು ಬಂದದ್ದು ಹೀಗೆ. ಮೂಗಿನ ಮೇಲೆ ಎರಡು ಕಿವಿಗಳೂ ಇವೆ. ಅವುಗಳ ನಡುವೆ ಗುರಿಯ ಮೊಳೆ ನಿಂತಿದೆ. ಕಂದಕದಲ್ಲಿ ಬಿದ್ದರೂ ಎದ್ದರೂ ಅದು ಬಾಗಬಾರದು.

ಮೂತಿಯ ಬಳಿಯ ಕೊಕ್ಕೆ ನನ್ನ ಎನ್.ಸಿ.ಸಿ. ದಿನಗಳ ದೊಡ್ಡ ಒಗಟಾಗಿತ್ತು. ಬೆಲ್ಟು ಕಟ್ಟಲಿಕ್ಕೆ ಬೇರೆ ಬಳೆಗಳಿವೆ, ಇದೊಂದು ಏಕೆ? ಸುಬೇದಾರರು ನಕ್ಕು ಮನೆಯ ಇನ್ನೆರಡು ಕೊಡೆ ತರಿಸಿ ಮೂರರ ತುದಿಗಳನ್ನೂ ಒಂದಕ್ಕೊಂದು ಆನಿಸಿ ನಿಲ್ಲಿಸಿದರು. ಬಿಡಾರದಲ್ಲಿ ಊಟಕ್ಕೆ ಕೂತಾಗ ಮೂರು ಬಂದೂಕುಗಳ ಕೊಕ್ಕೆ ಸಿಕ್ಕಿಸಿ ಹೀಗೆ ಗೂಡು ನಿಲ್ಲಿಸಬೇಕು. ನೆಲದ ಕೆಸರು ನಳಿಗೆಗೆ ಸೇರಬಾರದು, ಕೂಗಿದ ಕೂಡಲೇ ಕೈಗೆ ಸಿಗಬೇಕು.

ಬಟ್ಟಿನ ಹಿತ್ತಾಳೆ ತಗಡಿನಲ್ಲಿ ಒಂದು ಪುಟ್ಟ ಬಾಗಿಲಿದೆ. ಒಳಗೆ ಹಿತ್ತಾಳೆಯ ಎಣ್ಣೆ ಬಾಟಲಿ, ಮತ್ತು ತೂಕದ ತುಂಡು ಕಟ್ಟಿದ ಒಂದು ಹಗ್ಗ. ಹಗ್ಗಕ್ಕೆ ಬಟ್ಟೆಯ ಚಿಂದಿ ಸಿಕ್ಕಿಸಿ ನಳಿಗೆಯೊಳಗಿಂದ ಎಳೆದರೆ ಕೊಳೆ ಬರುತ್ತದೆ. ಇಂಗ್ಲಿಷರ ‘ಪುಲ್ ಥ್ರೂ’ ನಮ್ಮ ಸಿಪಾಯಿಗಳ ಬಾಯಲ್ಲಿ ‘ಫುಲ್‌ತ್ರೂ’. ಅಂದಿನ ತೋಟಾದ ಮದ್ದು ಸುಟ್ಟ ಮೇಲೆ ನಳಿಗೆಯೊಳಗೆ ಉಪ್ಪು ಉಳಿಯುತ್ತಿತ್ತು. ಉಪ್ಪು ತೇವ ಹೀರಿ ರಾತ್ರಿ ಕಳೆಯುವುದರಲ್ಲಿ ತುಕ್ಕು. ನಮ್ಮ ಮುಂಬೈ ಮಳೆಗಾಲದಲ್ಲಿ ಹೇಗಿದ್ದೀತು ಎಣಿಸಿ. ಹಾಗಾಗಿ ಗುಂಡು ಹೊಡೆದ ದಿನ ಕುದಿಯುವ ನೀರು ಸುರಿದು, ಚಿಂದಿ ಎಳೆದು, ಎಣ್ಣೆ ಹಚ್ಚಿಯೇ ಮಲಗಬೇಕು. ಬಟ್ಟಿನ ಮರವನ್ನು ಮುಂದಿನ ಮರದಿಂದ ಬೇರೆ ಮಾಡಿದ್ದೂ ಲೆಕ್ಕಾಚಾರದಿಂದಲೇ: ಮುರಿದರೆ ಅದೊಂದನ್ನೇ ಬದಲಿಸಬಹುದು. ಆಳಿನ ತೋಳಿಗೆ ತಕ್ಕಂತೆ ಗಿಡ್ಡ, ಸಾಮಾನ್ಯ, ಉದ್ದ ಎಂದು ಬೇರೆ ಬೇರೆ ಅಳತೆಯ ಬಟ್ಟುಗಳಿದ್ದವು, ರೆಡಿಮೇಡ್ ಅಂಗಿಯ ಹಾಗೆ. ನನಗೆ ಕೊಟ್ಟದ್ದು ಉದ್ದದ್ದೇ ಇರಬೇಕು!

ಕೆಲವು ಅಂಗಗಳು ಸಿಪಾಯಿಗಾಗಿ ಅಲ್ಲ, ಅವನ ಮೇಲಿನ ಅಪನಂಬಿಕೆಯಿಂದ ಹುಟ್ಟಿದವು. ಹಳೆಯ ಮಾದರಿಯ ಬಲಬದಿಗೆ ಒಂದು ತಗಡು ಇರುತ್ತದೆ. ಒಳಗೆ ತಳ್ಳಿದರೆ ಮ್ಯಾಗಜಿನ್ ಮುಚ್ಚಿಹೋಗಿ ಒಂದೊಂದೇ ತೋಟಾವನ್ನು ಕೈಯಿಂದ ತುಂಬಿ ಹೊಡೆಯಬೇಕಾಗುತ್ತದೆ. ಹತ್ತು ತೋಟಾ ಒಟ್ಟಿಗೆ ಕೊಟ್ಟರೆ ಸಿಪಾಯಿ ದುಂದು ಮಾಡುತ್ತಾನೆ ಎಂಬುದು ಸೇನಾಪತಿಗಳ ಭಯ. ಮ್ಯಾಗಜಿನ್ ತುರ್ತಿಗೆ ಮಾತ್ರ, ಅಪ್ಪಣೆಯಾದ ಮೇಲೆ! ಆದರೆ ಬೋಯರ್ ಯುದ್ಧ ಬೇರೆ ಪಾಠ ಕಲಿಸಿತ್ತು. ಆ ರೈತರ ಮೌಸರಿಗೆ ಒಂದು ಪಟ್ಟಿಯಲ್ಲಿ ಪೋಣಿಸಿದ 5 ತೋಟಾಗಳನ್ನು ಹೆಬ್ಬೆರಳಿನಿಂದ ಒಂದೇ ಸಲ ಒತ್ತಿ ತುಂಬುತ್ತಿದ್ದರು. ಅದನ್ನು ನೋಡಿ ಬ್ರಿಟಿಷರೂ ಬೋಲ್ಟಿನ ಮೇಲೆ ಪಟ್ಟಿ ಸಿಕ್ಕಿಸುವ ಒಂದು ಕಮಾನು ಕೂರಿಸಿದರು. ಎರಡು ಪಟ್ಟಿ, ಹತ್ತು ತೋಟಾ. ಒಂದೇ ಬಂದೂಕಿನಲ್ಲಿ ಬೇಗ ತುಂಬುವ ಕಮಾನೂ ಇದೆ, ಬೇಗ ಹೊಡೆಯದಂತೆ ತಡೆಯುವ ತಗಡೂ ಇದೆ. ಸರಕಾರಿ ಕಚೇರಿಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮಹಾಯುದ್ಧದ ಕಂದಕಗಳಲ್ಲಿ ತಗಡು ಬೇಡವಾಯಿತು, 1916ರ ಸರಳ ಮಾದರಿಯಲ್ಲಿ ಬಿಟ್ಟರು.

ಅದರ ಜೊತೆಗೇ ಹೋದದ್ದು ಎಡಬದಿಯ ಗುರಿಪಟ್ಟಿ. ಮೇಲಿನ ಗುರಿಪಟ್ಟಿಯಲ್ಲಿ 200ರಿಂದ 2000 ಗಜದವರೆಗೆ ಗುರುತುಗಳಿವೆ. ಪಕ್ಕದ್ದು ಅದನ್ನೂ ಮೀರಿ 2800 ಗಜದವರೆಗೆ, ಅಂದರೆ ಎರಡೂವರೆ ಕಿಲೋಮೀಟರು. ಹೆಚ್ಚುಕಡಿಮೆ ಬೊರಿವಲಿ ಸ್ಟೇಷನ್ನಿನಲ್ಲಿ ನಿಂತು ಕಾಂದಿವಲಿ ಸ್ಟೇಷನ್ನಿಗೆ ಗುರಿಯಿಟ್ಟ ಹಾಗೆ! ಅಷ್ಟು ದೂರದಲ್ಲಿ ಮನುಷ್ಯ ಕಣ್ಣಿಗೇ ಬೀಳುವುದಿಲ್ಲ. ಆದರೆ ಅದು ಒಬ್ಬನಿಗೆ ಹೊಡೆಯುವುದಕ್ಕಲ್ಲ. ನೂರು ಸಿಪಾಯಿಗಳು ಸಾಲಾಗಿ ನಿಂತು ಅಧಿಕಾರಿಯ ಕೂಗಿಗೆ ಒಟ್ಟಿಗೆ ಹೊಡೆದರೆ ದೂರದ ಬಯಲಲ್ಲಿ ಸಾಗುವ ದಂಡಿನ ಮೇಲೆ ಗುಂಡಿನ ಮಳೆ ಸುರಿಯುತ್ತದೆ ಎಂಬ ಎಣಿಕೆ. ಆ ಕೆಲಸವನ್ನು ಮೆಷಿನ್‌ಗನ್ನೂ ಫಿರಂಗಿಯೂ ವಹಿಸಿಕೊಂಡವು.

ನಮ್ಮ ದೇಶದ್ದೇ ಇನ್ನೊಂದು ಬಗೆ ಇದೆ, ಇದನ್ನು ಓದಿದಾಗ ನನಗೆ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. 1857ರ ನಂತರ ಬ್ರಿಟಿಷರಿಗೆ ಭಾರತೀಯರ ಕೈಗೆ ಒಳ್ಳೆಯ ಬಂದೂಕು ಕೊಡುವ ಭಯ. ಪೊಲೀಸರಿಗೆ, ಜೈಲು ಕಾವಲಿನವರಿಗೆಂದು ಇಶಾಪುರದಲ್ಲಿ ಇದೇ ಲೀ-ಎನ್‌ಫೀಲ್ಡನ್ನು ಕೆಡಿಸಿ ‘.410 ಮಸ್ಕೆಟ್’ ಮಾಡಿದರು. ಗುಂಡನ್ನು ತಿರುಗಿಸಿ ನೇರ ಓಡಿಸುವ ನಳಿಗೆಯ ಸುರುಳಿ ಗೆರೆಗಳನ್ನು ತೆಗೆದು ಒಳಗನ್ನು ನುಣುಪು ಮಾಡಿದರು. ಮ್ಯಾಗಜಿನ್ನಿನ ಜಾಗಕ್ಕೆ ಮರದ ತುಂಡು ತುರುಕಿದರು, ಒಂದು ಸಲಕ್ಕೆ ಒಂದೇ ತೋಟಾ. ತೋಟಾದ ಆಕಾರವೂ ಬೇರೆ, ಪೇಟೆಯಲ್ಲಿ ಸಿಗುವ ತೋಟಾ ಹಾಕಿದರೆ ಹೊಂದದು. ದಂಗೆಯಲ್ಲಿ ಯಾರಾದರೂ ಕಿತ್ತುಕೊಂಡರೂ, ಪೊಲೀಸನೇ ತಿರುಗಿ ನಿಂತರೂ ಉಪಯೋಗವಾಗಬಾರದು. ಕೆಲಸಕ್ಕೆ ಬಾರದಂತೆಯೇ ಎಚ್ಚರಿಕೆಯಿಂದ ತಯಾರಿಸಿದ ಬಂದೂಕು. ಸ್ವಾತಂತ್ರ್ಯದ ನಂತರವೂ ಅಶೋಕ ಸಿಂಹದ ಮುದ್ರೆಯೊತ್ತಿ ಅದನ್ನು ಮಾಡಿದ್ದಾರೆ.

ಸುಬೇದಾರರು ಸೈನ್ಯ ಸೇರಿದ್ದು 1961ರಲ್ಲಿ. ಮರುವರ್ಷ ಚೀನಾ ಯುದ್ಧವಾದಾಗ ಇನ್ನೂ ತರಬೇತಿ ಕೇಂದ್ರದಲ್ಲಿದ್ದರು. ಇದೇ ಬಂದೂಕು ಹಿಡಿದು ಮೇಲೆ ಹೋದವರಲ್ಲಿ ಅವರ ಊರಿನವರೂ ಇದ್ದರು. ಎದುರಿನವರ ಕೈಯಲ್ಲಿದ್ದದ್ದು ಚಿಲಕ ಎಳೆಯದೆಯೇ ಗುಂಡಿನ ಮೇಲೆ ಗುಂಡು ಹಾರಿಸುವ ಆಯುಧಗಳು. “ಹಿಂದೆ ಬಂದವರು ಬಂದೂಕನ್ನು ಬೈಯಲಿಲ್ಲಮ್ಮ. ಲೆಕ್ಕ ಹೇಳಿದರು. ನಾವೊಂದು ಹೊಡೆಯುವಾಗ ಅವರು ಎಷ್ಟು ಅಂತ.” ಅಷ್ಟು ಹೇಳಿ ಕಾಫಿ ಲೋಟ ಒಳಗಿಟ್ಟು ಬರುವ ನೆಪದಲ್ಲಿ ಎದ್ದುಹೋದರು. ಆ ಯುದ್ಧದ ನಂತರವೇ ಸೈನ್ಯ ಸ್ವಯಂಚಾಲಿತ ತುಂಬುವಿಕೆಯ ಎಸ್.ಎಲ್.ಆರ್.ಗೆ ಹೊರಳಿದ್ದು. ಅವು ಸಾಲದಿದ್ದಾಗ ತಡೆಗೆಂದು ಇಶಾಪುರದಲ್ಲಿ ಇದೇ ಹಳೆಯ ಮೈಗೆ ಗಟ್ಟಿ ಉಕ್ಕು ಹಾಕಿ, 7.62 ತೋಟಾಕ್ಕೆ ಹೊಂದಿಸಿ, 12 ತೋಟಾದ ಚೌಕ ಮ್ಯಾಗಜಿನ್ ಕೊಟ್ಟು ‘2ಎ’ ಎಂಬ ಮಾದರಿ ಮಾಡಿದರು. ಮುಂದಿನ ‘2ಎ1’ರಲ್ಲಿ ಗುರಿಪಟ್ಟಿಯನ್ನು 800 ಮೀಟರಿಗೇ ನಿಲ್ಲಿಸಿದರು. ಎರಡು ಸಾವಿರದ ಕನಸು ಅಷ್ಟು ತಡವಾಗಿ ಬಿಟ್ಟಿತು. ಸೈನ್ಯ ಇಳಿಸಿದ .303ಗಳು ಪೊಲೀಸರ ಪಾಲಾದವು.

ಈಗ 2008ರ ನವೆಂಬರ್ 26ರ ರಾತ್ರಿಗೆ ಬರೋಣ. ಸಿ.ಎಸ್.ಟಿ., ಈಗಿನ ಸಿ.ಎಸ್.ಎಂ.ಟಿ. ಹೊರಊರಿನ ರೈಲುಗಳಿಗೆ ಕಾಯುತ್ತಾ ನೆಲದ ಮೇಲೆ ಗಂಟುಮೂಟೆ ಹರಡಿ ಕೂತ ಸಂಸಾರಗಳು. ಇಬ್ಬರ ಕೈಯಲ್ಲಿ ಎ.ಕೆ. 47, ಒಂದೊಂದು ಮ್ಯಾಗಜಿನ್ನಿಗೆ 30 ತೋಟಾ, ಟ್ರಿಗರ್ ಒತ್ತಿ ಹಿಡಿದರೆ ಸಾಕು. ಇತ್ತ ಪೇದೆಯ ಬಂದೂಕಿನ ಗುರಿಪಟ್ಟಿ ಶುರುವಾಗುವುದೇ 200 ಗಜದಿಂದ. ಹತ್ತಿರದವನಿಗೆ ನೇರ ಗುರಿಯಿಟ್ಟರೆ ಗುಂಡು ತುಸು ಮೇಲಕ್ಕೆ ಬೀಳುತ್ತದೆ. ಬಯಲಲ್ಲಿ ದೂರ ಹೋಗಲೆಂದು ಮಾಡಿದ ಗುಂಡು ಒಬ್ಬನನ್ನು ದಾಟಿ ಹಿಂದಿನವನಿಗೂ ತಗುಲೀತು, ಹಿಂದೆ ಇದ್ದದ್ದೆಲ್ಲ ನಮ್ಮ ಜನವೇ. ಪ್ರತಿ ಗುಂಡಿನ ನಂತರ ಚಿಲಕ. ಆ ಚಿಲಕಕ್ಕೆ ವೇಗ ಬರುವುದು ಅಭ್ಯಾಸದಿಂದ ಎಂದೆನಲ್ಲ. ತೋಟಾಗಳ ಕೊರತೆಯಿಂದ ಮುಂಬೈ ಪೊಲೀಸರಿಗೆ ಗುಂಡಿನ ಅಭ್ಯಾಸವೇ ಸರಿಯಾಗಿ ನಡೆದಿರಲಿಲ್ಲ ಎಂಬುದನ್ನು ಆಮೇಲೆ ರಾಮ್ ಪ್ರಧಾನ್ ಸಮಿತಿ ಗುರುತಿಸಿತು.

ಇಷ್ಟಾದರೂ ಆರ್.ಪಿ.ಎಫ್.ನ ಜಿಲ್ಲೂ ಯಾದವ್ ಸಹೋದ್ಯೋಗಿಯ ಕೈಯಲ್ಲಿದ್ದ .303 ತೆಗೆದುಕೊಂಡು ಗುಂಡು ಹಾರಿಸಿದರು. ಅಲ್ಲಿದ್ದ ಕುರ್ಚಿಯನ್ನೂ ಎತ್ತಿ ಎಸೆದರು. ಮೇಲಿನ ಕೋಣೆಯಲ್ಲಿ ಕೂತಿದ್ದ ರೈಲ್ವೆ ಘೋಷಕ ವಿಷ್ಣು ದತ್ತಾರಾಮ್ ಝೆಂಡೆ ಮೈಕು ಬಿಡದೆ ಪ್ರಯಾಣಿಕರನ್ನು ಒಂದನೇ ಪ್ಲಾಟ್‌ಫಾರ್ಮಿನ ಹಿಂಬದಿಯಿಂದ ಹೊರಗೆ ಕಳುಹಿಸುತ್ತಲೇ ಇದ್ದರು. ಮೈಕಿನ ಮುಂದೆ ಕೂರುವ ನಮ್ಮಂಥವರಿಗೆ ಆ ಹೆಸರು ಮರೆಯುವಂಥದ್ದಲ್ಲ. ಆ ನಿಲ್ದಾಣವೊಂದರಲ್ಲೇ ಐವತ್ತಕ್ಕೂ ಹೆಚ್ಚು ಜನ ಸತ್ತರು.

ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ .303ಗೆ ವಿಧ್ಯುಕ್ತ ವಿದಾಯ ಹೇಳಿದರು. ಲೀ-ಎನ್‌ಫೀಲ್ಡ್ ಹುಟ್ಟಿ ಆಗಲೇ 125 ವರ್ಷ.

ಮುಂದಿನ ವಾರದ ಕಾರ್ಯಕ್ರಮದಲ್ಲಿ ನನ್ನ ಮಾತನ್ನು ತಿದ್ದಿ ಓದಿದೆ: “ಅದು ಬಯಲಿನಲ್ಲಿ ದೂರದ ದಂಡನ್ನು ತಡೆಯಲು, ಕೆಸರಿನಲ್ಲಿ ಬಾಳಿಕೆ ಬರಲು, ತೋಟಾ ಮುಗಿದಾಗ ಈಟಿಯಾಗಲು ಮಾಡಿದ ಬಂದೂಕು. ಅದನ್ನು ಜನ ತುಂಬಿದ ನಿಲ್ದಾಣದ ಕಾವಲಿಗೆ ಕೊಟ್ಟಿದ್ದರು, ಹತ್ತು ತೋಟಾಗಳೊಂದಿಗೆ.” ಹಾಡು ಹಾಕುವಷ್ಟರಲ್ಲಿ ಮತ್ತೆ ಫೋನು.

“ಈಗ ಸರಿಯಾಯ್ತಮ್ಮಾ. ಆದರೆ ಹತ್ತು ತೋಟಾ ಅಂದಿರಿ. ಐದೈದರ ಎರಡು ಪಟ್ಟಿ ಅನ್ನಬೇಕಿತ್ತು.”